ನವೆಂಬರ್ ಮೂವತ್ತರ ಹೆಬ್ಬೆಟ್ಟು

"ನನ್ನ ನೆನಪು ಸುಳ್ಳು ಅನ್ಬೇಡ್ರೇ," ಎಂದು ಬೀರಮ್ಮ ಚಾಪೆಯಿಂದ ಅರ್ಧ ಎದ್ದು ಗದರಿದಳು. "ಇವತ್ತೇ ಮೂವತ್ತನೇ ತಾರೀಕು. ಎರಡು ಗಂಟೆಯೊಳ್ಗೆ ಹೆಬ್ಬೆಟ್ಟು ಒತ್ನಿಲ್ಲ ಅಂದ್ರೆ ಪೆನ್ಷನ್ ನಿಂತೋಯ್ತದೆ. ಅಕ್ಕೋರು ನೂರು ಸಲ ಹೇಳವ್ರೆ."

"ಅಕ್ಕೋರು ಸತ್ತು ಕೂತವ್ರೆ, ನಿಂಗೆ ಬ್ಯಾಂಕಿನ ಚಿಂತೆ," ಎಂದಳು ತಿಮ್ಮಮ್ಮ.

ಕೂತೇ ಇದ್ದರು. ದಟ್ಟಗಳ್ಳಿಯ ಆ ಮನೆಯ ಗೋಡೆಗೊರಗಿಸಿ ದಾಕ್ಷಾಯಣಮ್ಮನವರನ್ನು ಪದ್ಮಾಸನ ಹಾಕಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬೀರಮ್ಮ, ತಿಮ್ಮಮ್ಮ ಸೇರಿ ಐವರು ವಿಧವೆಯರನ್ನು ಪ್ರತಿ ನವೆಂಬರಿನಲ್ಲೂ ಬಸ್ಸು ಹತ್ತಿಸಿ, ಬದುಕಿದ್ದಾರೆಂದು ಬ್ಯಾಂಕಿಗೆ ತೋರಿಸಿ ಬರುತ್ತಿದ್ದವರು ಅವರೇ. ಈ ಸಲ ಅವರಿಗೆ ಕಾಯಿಲೆ. ಹುಷಾರಾದ ಮೇಲೆ ಹೋದರಾಯಿತೆಂದು ಐವರೂ ತಿಂಗಳಿಡೀ ಕಾದು ಕೆಟ್ಟಿದ್ದರು.

ಶಾಲೆಯ ಜವಾನನಾಗಿದ್ದ ಗಂಡ ಹುಚ್ಚಣ್ಣನ ಪೆನ್ಷನ್ನಿನಿಂದಲೇ ಬೀರಮ್ಮನಿಗೊಂದು ಬಾಡಿಗೆ ಕೋಣೆ. ನಿಂತರೆ ತಮ್ಮನ ಮನೆಯ ಅಡುಗೆಮನೆ ಮೂಲೆಯೇ ಗತಿ. ಆದರೆ ಅವಳ ಕಡೆಯವರಲ್ಲಿ ಹೆಣ ಎತ್ತುವ ಮೊದಲು ಸಾವಿನ ಮನೆ ಬಿಟ್ಟು ಏಳುವಂತಿಲ್ಲ, ಸ್ನಾನವಿಲ್ಲದೆ ಎಲ್ಲಿಗೂ ಕಾಲಿಡುವಂತಿಲ್ಲ.

*

ಐದು ವರ್ಷದ ಹಿಂದೆ, ಬೀರಮ್ಮ ಮೊದಲ ಸಲ ಜೊತೆಗೆ ಬ್ಯಾಂಕಿಗೆ ಹೋದಾಗ, ಗುಮಾಸ್ತ ಲೆಡ್ಜರ್ ತಿರುವಿ ದಾಕ್ಷಾಯಣಮ್ಮನವರಿಗೇ ಹೇಳಿದ್ದ: "ಹೋದ ವರ್ಷ ನೀವು ಬಂದಿಲ್ಲ. ರೆಕಾರ್ಡಲ್ಲಿ ತೀರಿಕೊಂಡಿದ್ದೀರಿ."

ಹೋದ ವರ್ಷ ಅವರ ಕಾಲು ಮುರಿದಿತ್ತು. ಅದನ್ನು ಹೇಳಲಿಲ್ಲ. ಕುರ್ಚಿ ಎಳೆದು ಕೂತರು.

"ಹಂಗಾದ್ರೆ ಹೆಣ ಎತ್ಸಪ್ಪ. ಅಲ್ಲೀವರ್ಗೂ ಇಲ್ಲೇ ಇರ್ತೀನಿ."

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮ್ಯಾನೇಜರೇ ಬಂದು ಬದುಕಿಸಿದ. ಬಸ್ಸಿನಲ್ಲಿ ಬೀರಮ್ಮ, "ಕೊಡೋರ ಮುಂದೆ ಹಂಗೆ ಜಬರ್ದಸ್ತು ಮಾಡ್ಬೋದಾ ಅಕ್ಕೋರೆ?" ಎಂದಿದ್ದಳು.

"ಯಾರು ಕೊಡೋರು? ನಿನ್ನ ಗಂಡ ಮೂವತ್ತು ವರ್ಷ ಗಂಟೆ ಹೊಡೆದಿದ್ದಾನೆ ಕಣೆ. ಅದು ಧರ್ಮದ ದುಡ್ಡಲ್ಲ."

*

"ಎಷ್ಟು ಗಂಟೆಗೆ ಎತ್ತೋದು ಬುದ್ಧಿ?" ಬೀರಮ್ಮ ಮಠದ ಅಯ್ಯನವರಾದ ಸಿದ್ದಲಿಂಗಸ್ವಾಮಿಗಳನ್ನು ಕೇಳಿದಳು.

"ಮೂರಕ್ಕೆ. ಯಾಕಮ್ಮ?"

ಅವಳು ಹೇಳಿದಳು. ಅಯ್ಯನವರು ಬಿಲ್ವಪತ್ರೆ ಬಿಡಿಸುತ್ತಲೇ, "ನಮ್ಮಲ್ಲಿ ಸೂತಕ ಇಲ್ಲ ತಾಯಿ. ಹೋಗ್ಬನ್ನಿ," ಎಂದರು.

"ನಿಮ್ಮಲ್ಲಿಲ್ಲ, ನಮ್ಮಲ್ಲೈತೆ."

"ಇದು ಯಾರ ಮನೆ?"

ಬೀರಮ್ಮ ಸೆರಗು ಸಿಕ್ಕಿಸಿ ಎದ್ದಳು. ಗೊಣಗುತ್ತ ತಿಮ್ಮಮ್ಮ, ಅವಳ ಹಿಂದೆ ಉಳಿದ ಮೂವರು. ದಾಕ್ಷಾಯಣಮ್ಮನವರ ಮಗ ಮೃತ್ಯುಂಜಯ ಎರಡು ಆಟೋ ನಿಲ್ಲಿಸಿದ.

ಬ್ಯಾಂಕಿನಲ್ಲಿ ಗುಮಾಸ್ತ ಗಡಿಯಾರ ನೋಡಿದ. "ಎರಡಾಗ್ತಾ ಬಂತು. ನಿಮ್ಮ ಲೀಡರ್ ಅಮ್ಮ ಎಲ್ಲಿ? ಫಾರಂ ತುಂಬೋರು ಅವರೇ ಅಲ್ವಾ?"

ಯಾವಾಗಲೂ ಹಿಂದೆ ನಿಲ್ಲುತ್ತಿದ್ದ ಬೀರಮ್ಮ ಕೌಂಟರಿಗೆ ಎರಡೂ ಕೈ ಊರಿದಳು.

"ಅವ್ರು ತೀರ್ಕೊಂಡ್ರು. ನಾವೈದು ಜನ ಬದ್ಕಿದ್ದೀವಿ. ಬರ್ಕೊಳ್ಳಿ."

ಗುಮಾಸ್ತ ಪೆನ್ನಿನ ಕ್ಯಾಪು ತೆಗೆದ. ಒಬ್ಬೊಬ್ಬರದೂ ತಾನೇ ತುಂಬಿದ. ತಿಮ್ಮಮ್ಮನ ಸರದಿ ಬಂದಾಗ ತಲೆಯೆತ್ತದೆ ಕೇಳಿದ: "ಮರುಮದುವೆ ಆಗಿಲ್ಲ ತಾನೇ?"

"ಬರೋ ದಾರೀಲಿ ಟೇಮಿರ್ನಿಲ್ಲ ಕಣಪ್ಪ."

ಸಾವಿನ ಮನೆಯಿಂದ ಬಂದ ಐವರೂ ನಕ್ಕರು. ಗುಮಾಸ್ತನೂ ನಕ್ಕು ಇಂಕಿನ ಪ್ಯಾಡನ್ನು ಮುಂದೆ ತಳ್ಳಿದ.

*

ರುದ್ರಭೂಮಿಯಲ್ಲಿ ದಾಕ್ಷಾಯಣಮ್ಮನವರನ್ನು ಗುಣಿಯೊಳಗೆ ಕೂರಿಸಿಯಾಗಿತ್ತು. ಅವರ ಮಡಿಲ ತುಂಬ ವಿಭೂತಿ. ಅಯ್ಯನವರು ಇವರಿಗಾಗಿಯೇ ಕಾದಿದ್ದರು.

"ಆಯ್ತಾ?"

"ಐದೂ ಆಯ್ತು ಬುದ್ಧಿ." ಬೀರಮ್ಮ ಸುತ್ತ ನೆರೆದಿದ್ದ ಹೆಂಗಸರ ಕಡೆ ತಿರುಗಿದಳು. "ನಿಮ್ಮ ಬೀದೀಲಿ ಕರ್ಕೊಂಡೋಗೋರಿಲ್ಲ ಅಂತ ಯಾರಾರ ಮನೇಲೇ ಕುಂತಿದ್ರೆ, ಇವತ್ತಿನ ಕತೆ ಹೇಳಿ ಎಬ್ಬಿಸ್ರಮ್ಮ."

ಆಮೇಲೆ ಐವರೂ ಒಬ್ಬೊಬ್ಬರಾಗಿ ಗುಣಿಯ ಮೆಟ್ಟಿಲಿಳಿದು, ಬಗ್ಗಿ, ಇಂಕು ಒರೆಸದ ಹೆಬ್ಬೆರಳಿನಿಂದ ಆ ಮಡಿಲನ್ನು ಮುಟ್ಟಿದರು. ಬಿಳಿ ವಿಭೂತಿಯ ಮೇಲೆ ನೀಲಿಯ ಐದು ಹೆಬ್ಬೆಟ್ಟು ಮೂಡಿದವು.