ಚಿಕ್ಕ ಪಂಪು

"ಹಳೇ ಪಂಪ್ ಎಲ್ಲಿಡ್ಲಿ ಭಾವ?" ಎಂದು ತಂಗಿಯ ಗಂಡ ಕೇಳಿದ್ದೇ ತಡ, ಫಿಟ್ಟರನಿಗೆ ಮೈಯೆಲ್ಲ ಉರಿದುಹೋಯಿತು. ಹಳೆಯದಂತೆ! ಕಳೆದ ಚಳಿಗಾಲದಲ್ಲಿ ತಾನೇ ಹೊತ್ತು ತಂದು ಅಪ್ಪನ ಮನೆಯ ಈ ನೆಲಮಾಳಿಗೆಯಲ್ಲಿ ಕೂರಿಸಿದ್ದು. ಬಾಯ್ಲರಿನ ಬಿಸಿನೀರನ್ನು ಮೂರು ಅಂತಸ್ತಿನ ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಲ್ಲೂ ಸುತ್ತಿಸುವ ಪಂಪು. ಅಂದಿನಿಂದ ಪೈಪುಗಳು ಸಿಳ್ಳೆ ಹಾಕುತ್ತಿದ್ದುದು ನಿಜ. ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ ಎಂಬುದೂ ನಿಜ. ಆದರೆ ಅದನ್ನು ಸರಿಮಾಡು ಎಂದು ಅಪ್ಪ ಹೇಳಿದ್ದು ಮಗನಿಗಲ್ಲ, ಮನೆಯಲ್ಲೇ ಇದ್ದ ಅಳಿಯನಿಗೆ.

"ಇಷ್ಟು ದೊಡ್ಡದು ಯಾಕೆ ಹಾಕಿದ್ರಿ?"

"ಮೂರು ಮಹಡಿ ನೀರು ಹತ್ತಬೇಡ್ವಾ? ಮೂವತ್ತಡಿ ಲೆಕ್ಕ ಹಿಡಿದೆ. ಮೇಲೆ ಒಂದಿಷ್ಟು ಇರ್ಲಿ ಅಂತ…"

"ತೊಟ್ಟಿಗೆ ನೀರು ಏರಿಸೋದಾದ್ರೆ ಸರಿ ಭಾವ. ಇಲ್ಲಿ ನೀರು ಸುತ್ತು ಹಾಕಿ ವಾಪಸ್ ಬರತ್ತಲ್ಲ. ಹತ್ತೋ ನೀರಿನ ಭಾರಕ್ಕೆ ಇಳಿಯೋ ನೀರಿನ ಭಾರ ಸರಿಹೋಗತ್ತೆ. ಎತ್ತರ ಲೆಕ್ಕಕ್ಕೇ ಬರಲ್ಲ. ಪೈಪಿನೊಳಗೆ ಉಜ್ಜಿಕೊಂಡು ಹೋಗೋದಕ್ಕಷ್ಟೇ ಜೋರು ಬೇಕು. ಆರಡಿ ಎತ್ತೋವಷ್ಟು ಜೋರು ಸಾಕು, ಹೆಚ್ಚಾದ್ರೆ ಪೈಪು ಸಿಳ್ಳೆ ಹಾಕತ್ತೆ."

ಮೇಲಿನವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ. ಆ ಮರ್ಯಾದೆಯೇ ಫಿಟ್ಟರನನ್ನು ಇನ್ನಷ್ಟು ಚುಚ್ಚಿತು. ಹಾಳಾದವನಿಗೆ ಕೊಂಚ ಜಂಬವಾದರೂ ಇರಬಾರದೇ?

ಹೊಸ ಪಂಪು ಬೊಗಸೆಯಲ್ಲಿ ಹಿಡಿಸುವಷ್ಟಿತ್ತು. ವೇಗದ ಗುಂಡಿಯ ಮೇಲೆ ಒಂದು, ಎರಡು, ಮೂರು ಎಂದು ಬರೆದಿತ್ತು. ಅಳಿಯ ಒಂದಕ್ಕೆ ಇಟ್ಟ. ಮನೆಯೆಲ್ಲ ಗಪ್‌ಚಿಪ್. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಗೊರಕೆ ಮೆಟ್ಟಿಲವರೆಗೂ ಕೇಳಿಸಿತು.

ಎದ್ದವನೇ ಅಪ್ಪ, "ಭೇಷ್ ಅಳಿಯಾ!" ಎಂದ. ಮಗನಿಗೆ ಕೆಲಸ ಕಲಿಸಿದವನೂ ಅವನೇ, ತಾನೂ ಫಿಟ್ಟರನಾಗಿದ್ದವನು. ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಮಗನಿಗೆ ಆ ಮಾತು ಹೇಳಿರಲಿಲ್ಲ. ಫಿಟ್ಟರನ ಹೊಟ್ಟೆಗೆ ಬೆಂಕಿ ಬಿತ್ತು. ಎರಡು ಬೀದಿಯಾಚೆಯ ತನ್ನ ಮನೆಗೆ ಹೋದವನು ಒಂದು ವಾರ ಈ ಕಡೆ ತಲೆ ಹಾಕಲಿಲ್ಲ.

ವಾರದ ಮೇಲೆ ತನ್ನ ಪಂಪು ಒಯ್ಯುವ ನೆವ ಮಾಡಿಕೊಂಡು ಬಂದ. ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಆ ಚೋಟುದ್ದದ ಪಂಪು ತೆಪ್ಪಗೆ ಕೆಲಸ ಮಾಡುತ್ತಿತ್ತು. ಅದರ ಗುಂಡಿಯನ್ನು ಮೂರಕ್ಕೆ ತಿರುಗಿಸಿದ. ಗೋಡೆಯ ಪೈಪು ಸಣ್ಣಗೆ ಸಿಳ್ಳೆ ಶುರುಮಾಡಿತು. 'ನೋಡಿದ್ರಾ ಅಳಿಯನ ಕೈಗುಣ?' ಎನ್ನಬೇಕೆಂದು ಕಳ್ಳ ಹೆಜ್ಜೆಯಲ್ಲಿ ಮೇಲೆ ಹೋದ. ಬಾಗಿಲಲ್ಲಿ ಅಪ್ಪನ ದನಿ ಕೇಳಿ ನಿಂತ.

"ಕೇಳಿದ್ಯಾ ಮಗಳೇ? ನಿಮ್ಮಣ್ಣನ ಪಂಪು!"

"ಅದನ್ನ ತೆಗೆದಾಯ್ತಲ್ಲಪ್ಪ."

"ತೆಗೆದ್ರಿ, ಗೊತ್ತು. ನಿದ್ದೆ ಕೆಡಿಸ್ತಿತ್ತು, ಹಾಳಾದ್ದು. ಆದ್ರೆ ಅದು ಕೂಗ್ತಿದ್ರೆ ಅವನು ಇಲ್ಲೇ ಕೆಳಗೆ ಏನೋ ಕುಟ್ತಾ ಇದ್ದಾನೆ ಅನ್ನಿಸೋದು. ಒಂದು ವಾರ ಆಯ್ತು, ಬರಲೇ ಇಲ್ವಲ್ಲೇ ಅವನು."

ಫಿಟ್ಟರ್ ಬಂದ ಹಾಗೆಯೇ ಕೆಳಗಿಳಿದ. ಗುಂಡಿಯನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಂದ. ಸಿಳ್ಳೆ ನಿಂತಿತು. ಸ್ವಲ್ಪ ಹೊತ್ತು ಪಂಪಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಆಮೇಲೆ ಬೂಟುಗಾಲನ್ನು ಧಪಧಪ ಬಡಿಯುತ್ತ, ಒಂದೊಂದೇ ಮೆಟ್ಟಿಲು ಹತ್ತತೊಡಗಿದ.