ಮುಟ್ಟಬಾರದ ಕೈ

ಪಂಪುವಿನ ಕೆಲಸ ಜಿರಳೆ ಕೊಲ್ಲುವುದು. ಬೆನ್ನಿಗೆ ಔಷಧಿಯ ಡಬ್ಬ ಕಟ್ಟಿಕೊಂಡು, ಹೋಟೆಲುಗಳು ಬಾಗಿಲು ಹಾಕಿದ ಮೇಲೆ ಒಳಗೆ ಹೊಕ್ಕು, ಬೆಳಗಾಗುವವರೆಗೂ ಮೂಲೆ ಮೂಲೆಗೆ ಹೊಡೆಯುತ್ತಾನೆ. ಅಂಥವನು ಪ್ರೀತಿಸಲು ಆರಿಸಿಕೊಂಡದ್ದು ಮ್ಯೂಸಿಯಂನಲ್ಲಿ ಹುಳ ಸಾಕುವವಳನ್ನು.

"ಕಟುಕ ಹೋಗಿ ಕುರಿ ಕಾಯೋರ ಮನೇಲಿ ಹೆಣ್ಣು ಕೇಳಿದ ಹಾಗಾಯ್ತು" ಎಂದು ವಕೀಲ ತೀರ್ಪು ಕೊಟ್ಟಿದ್ದ. ವಕೀಲ ನಿಜವಾದ ವಕೀಲನೇನಲ್ಲ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿಯುವ ಕೆಲಸ. ಎಲ್ಲದಕ್ಕೂ ವಾದ ಮಾಡುತ್ತಾನೆಂದು ಆ ಹೆಸರು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಮೂವರೂ ಒಂದೇ ರೂಮಿನಲ್ಲಿ ಒಬ್ಬರ ಕಾಲು ಒಬ್ಬರ ಮೂಗಿಗೆ ತಾಗುವಂತೆ ಮಲಗುತ್ತೇವೆ.

ಅವಳು ಪಂಪುವಿಗೆ ಸಿಕ್ಕಿದ್ದು ಬೆಳಗಿನ ಬಸ್ಸಿನಲ್ಲಿ. ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳು ಕೆಲಸಕ್ಕೆ ಹೊರಡುತ್ತಾಳೆ. ಮೈಯಿಂದ ಬರುವ ವಾಸನೆ ಏನದು ಎಂದು ಅವಳು ಕೇಳಿದಾಗ ಇವನು ಪೇಂಟ್ ಅಂಗಡಿಯಲ್ಲಿದ್ದೇನೆ ಎಂದುಬಿಟ್ಟ. ಆಮೇಲೆ ದಿನವೂ ಪಕ್ಕದಲ್ಲೇ ಕೂತು, ಮ್ಯೂಸಿಯಂ ಗೇಟಿನವರೆಗೆ ಕೈ ಕೈ ಹಿಡಿದುಕೊಂಡು ಹೋಗುವಷ್ಟಾಯಿತು. ಈ ಭಾನುವಾರ ಅವಳೇ ಕರೆದಿದ್ದಳು, ನನ್ನ ಹುಳಗಳನ್ನು ನೋಡಲು ಬಾ, ಸ್ನೇಹಿತರನ್ನೂ ಕರೆದುಕೊಂಡು ಬಾ ಎಂದು.

"ಇವತ್ತು ಕೇಳಿಬಿಡ್ತೀನಿ ಕಣೋ, ಮದುವೆ ಆಗ್ತೀಯಾ ಅಂತ" ಎಂದ ಪಂಪು, ಮ್ಯೂಸಿಯಂ ಮೆಟ್ಟಿಲ ಮೇಲೆ. ರಾತ್ರಿಯೆಲ್ಲಾ ಬಿಸ್ಕತ್ತು ಗೋದಾಮಿನಲ್ಲಿ ಔಷಧಿ ಹೊಡೆದು, ಗೋದಾಮಿನ ನಲ್ಲಿಯಲ್ಲಿ ಮುಖ ತೊಳೆದು, ಅಂಗಿ ಮಾತ್ರ ಬದಲಾಯಿಸಿಕೊಂಡು ನೇರ ಬಂದಿದ್ದ.

ಹುಳಗಳ ಕೋಣೆಯಲ್ಲಿ ಬಚ್ಚಲಿನಂಥ ಸೆಕೆ. ಗಾಜಿನ ಪೆಟ್ಟಿಗೆಗಳ ಮುಂದೆ ಮಕ್ಕಳು ಮೂಗು ಒತ್ತಿಕೊಂಡು ನಿಂತಿದ್ದರು. ಮೊದಲ ಪೆಟ್ಟಿಗೆಯಲ್ಲೇ ಅಂಗೈಯುದ್ದದ ಜಿರಳೆಗಳು ಕ್ಯಾರೆಟ್ ತಿನ್ನುತ್ತಿದ್ದವು. ಅವಕ್ಕೊಂದು ಬಲ್ಬು, ಒಂದು ಫ್ಯಾನು, ಕುಡಿಯಲು ಒದ್ದೆ ಹತ್ತಿ.

"ಲೋ, ನಮ್ಮ ರೂಮಿನ ಓನರ್‌ಗೆ ಇದನ್ನ ತೋರಿಸ್ಬೇಕು" ಎಂದ ವಕೀಲ. "ಪಂಪು, ನಿನ್ನ ಗಿರಾಕಿಗಳು ಹೇಗೆ ದುರುಗುಟ್ಕೊಂಡು ನೋಡ್ತಿದಾವೆ ನೋಡು. ಗುರುತು ಸಿಕ್ಕಿರಬೇಕು."

"ಬಾಯಿ ಮುಚ್ಚೋ."

ಅಷ್ಟರಲ್ಲಿ ಹಸಿರು ಏಪ್ರನ್ ಕಟ್ಟಿಕೊಂಡು ಅವಳು ಬಂದಳು. ವಕೀಲ ಬಗ್ಗಿ, "ನಮಸ್ಕಾರ ಅತ್ತಿಗೆ" ಎಂದ. ಅವಳು ನಕ್ಕಳು, ಬೇಡವೆನ್ನಲಿಲ್ಲ. ಪಂಪುವಿನ ಕಿವಿ ಕೆಂಪಾದವು. ಅರ್ಧ ಕೆಲಸ ಆಯಿತು ಎಂದುಕೊಂಡೆ ನಾನು.

ಒಂದು ಪೆಟ್ಟಿಗೆಯಲ್ಲಿ ಒಣಗಿದ ರೆಂಬೆ ಬಿಟ್ಟರೆ ಏನೂ ಇರಲಿಲ್ಲ.

"ಇದರಲ್ಲಿರೋದು ಕಣ್ಣಿಗೆ ಕಾಣದ ಹುಳಾನಾ ಅತ್ತಿಗೆ?"

"ಮಿಡತೆಗಳಿದ್ವು. ಹೋದ ತಿಂಗಳು ಎಲ್ಲ ಸತ್ತೋದ್ವು" ಎಂದಳು. "ಬೆನ್ನ ಮೇಲೆ ಬಿದ್ದು ಕಾಲು ನಡುಗಿಸ್ತಾ ನಡುಗಿಸ್ತಾ ಸತ್ವು. ಸೊಪ್ಪಿಗೆ ಹೊಡೆದ ಔಷಧಿ ನಾನು ಸರಿಯಾಗಿ ತೊಳ್ದಿಲ್ಲ ಅಂತ ಸಾಹೇಬ್ರು ಎಲ್ಲರ ಮುಂದೆ ಬೈದ್ರು. ಇನ್ನೊಂದು ಪೆಟ್ಟಿಗೆ ಖಾಲಿಯಾದ್ರೆ ನೀನೂ ಜಾಗ ಖಾಲಿ ಮಾಡು ಅಂದಿದಾರೆ. ನಾನು ತೊಳ್ದಿದ್ದೆ. ನನಗೆ ಗೊತ್ತಲ್ಲ, ತೊಳ್ದಿದ್ದೆ."

ನಾನು ಪಂಪುವಿನ ಮುಖ ನೋಡಿದೆ. ಬೆನ್ನ ಮೇಲೆ ಬಿದ್ದು ಕಾಲು ನಡುಗಿಸಿ ಸಾಯುವುದು ಹೇಗಿರುತ್ತದೆಂದು ನಮ್ಮ ಮೂವರಲ್ಲಿ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಅವನು ನಿಧಾನವಾಗಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

ಅವಳು ಮುಂದಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಕಡ್ಡಿಹುಳವನ್ನು ಅಂಗೈ ಮೇಲೆ ಹತ್ತಿಸಿಕೊಂಡಳು. ಯಾರೋ ಮುರಿದು ಎಸೆದ ಕಡ್ಡಿಗೆ ಜೀವ ಬಂದಂತಿತ್ತು.

"ಬಸುರಿ ಇವಳು. ಇವತ್ತೋ ನಾಳೆಯೋ ಮೊಟ್ಟೆ ಇಡ್ತಾಳೆ. ಕೈ ಚಾಚು."

"ಬೇಡ" ಎಂದ ಪಂಪು.

"ಅಯ್ಯೋ, ಏನೂ ಮಾಡಲ್ಲ. ಚಾಚು."

ವಕೀಲನಿಗೂ ವಿಷಯ ಹೊಳೆದಿತ್ತು. ಸ್ನೇಹಿತನನ್ನು ಕಾಪಾಡಲು ಅವನು ದನಿಯೇರಿಸಿದ: "ಅತ್ತಿಗೆ, ಇವನಿಗೆ ಹುಳ ಅಂದ್ರೆ ಪ್ರಾಣಭಯ. ರೂಮಲ್ಲಿ ಇರುವೆ ಕಂಡ್ರೂ ಸ್ಟೂಲ್ ಹತ್ತಿ ನಿಲ್ತಾನೆ."

ಮಕ್ಕಳು ಹೋ ಎಂದು ನಕ್ಕರು. ಎರಡು ಜಡೆಯ ಹುಡುಗಿಯೊಬ್ಬಳು, "ಅಂಕಲ್, ನಾನೇ ಹಿಡ್ಕೊಂಡಿದ್ದೆ ಗೊತ್ತಾ" ಎಂದಳು. ಹೇಡಿಯಾದರೆ ಆಗಲಿ, ಎಷ್ಟೋ ಹೇಡಿಗಳಿಗೆ ಮದುವೆಯಾಗಿದೆ, ತಲೆ ಅಲ್ಲಾಡಿಸಿ ಸುಮ್ಮನಿರೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಅವಳು ನಗುತ್ತಾ ತನ್ನ ಖಾಲಿ ಕೈಯನ್ನು ಅವನ ಜೇಬಿಗೆ ಹಾಕಿ ಮಣಿಕಟ್ಟು ಹಿಡಿದು ಎಳೆದಳು.

"ಬಿಡು! ನನ್ನನ್ನ ಮುಟ್ಟಿದ ಕೈಲಿ ಅದನ್ನ ಮುಟ್ಟಬೇಡ, ಸಾಯುತ್ತೆ!"

ಪಂಪು ತಲೆ ಬಗ್ಗಿಸಿಕೊಂಡು ಹೇಳಿದ, ಜಿರಳೆ, ಡಬ್ಬ, ಹೋಟೆಲು, ಎಲ್ಲ. ಅವಳು ಕಡ್ಡಿಹುಳವಿದ್ದ ಕೈಯಿಂದಲೇ ಅದನ್ನು ರೆಂಬೆಗೆ ಹತ್ತಿಸಿ, ಮೊಣಕೈಯಿಂದ ಮುಚ್ಚಳ ತಳ್ಳಿದಳು. ಅವನನ್ನು ಮುಟ್ಟಿದ ಕೈಯನ್ನು ದೂರಕ್ಕೆ ಚಾಚಿಕೊಂಡೇ ನಿಂತಿದ್ದಳು.

"ಪೇಂಟ್ ಅಂಗಡಿ ಅಂದಿದ್ದೆ."

"ಹೂಂ."

"ದಿನಾ ಬಸ್ಸಲ್ಲಿ ನನ್ನ ಕೈ ಹಿಡ್ಕೊಳ್ತಿದ್ದೆ."

"ತೊಳ್ಕೊಂಡೇ ಬರ್ತಿದ್ದೆ."

"ಯಾವುದರಲ್ಲಿ?"

"ನೀರಲ್ಲಿ."

ಅವಳು ಖಾಲಿ ಪೆಟ್ಟಿಗೆಯ ಕಡೆ ನೋಡಿದಳು.

"ನಡಿ, ಸಾಹೇಬ್ರ ಹತ್ರ" ಎಂದಳು. "ನನಗೆ ಹೇಳಿದ್ದನ್ನೇ ಅವರಿಗೂ ಹೇಳು. ದಾರೀಲಿ ಏನನ್ನೂ ಮುಟ್ಟಬೇಡ."

ಪಂಪು ಪೊಲೀಸರಿಗೆ ಸಿಕ್ಕಿಬಿದ್ದವನಂತೆ ಎರಡೂ ಕೈ ಮೇಲೆತ್ತಿಕೊಂಡು ಅವಳ ಹಿಂದೆ ಹೋದ.

ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು.

"ಎಷ್ಟು ಚೆನ್ನಾಗಿ ಬಿಡಿಸಿದ್ದೆ ನಾನು! ಭಯ ಅಂತ ಒಪ್ಕೊಂಡಿದ್ರೆ ಮುಗೀತಿತ್ತು."

"ಹುಳ ಸಾಯ್ತಿತ್ತಲ್ಲೋ. ಅವಳ ಕೆಲಸಾನೂ ಹೋಗ್ತಿತ್ತು."

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಇವನ ಮುಖಕ್ಕೆ ಇನ್ನೊಬ್ಬಳು ಸಿಗ್ತಾಳಾ?"

ಪಂಪು ಬಂದಾಗ ಕೈಗಳು ಇನ್ನೂ ಅರ್ಧ ಮೇಲಿದ್ದವು.

"ಏನಂದ್ರೋ ಸಾಹೇಬ್ರು?"

"ಈ ಕಟ್ಟಡದೊಳಗೆ ಇನ್ನೊಂದ್ಸಲ ಕಾಲಿಟ್ರೆ ಕಾಲು ಮುರೀತೀನಿ ಅಂದ್ರು. ಅವಳಿಗೆ ಸಾರಿ ಹೇಳಿದ್ರು. ಸೊಪ್ಪಿನ ತಪ್ಪು ಅವಳದ್ದಲ್ಲ ಅಂದ್ರು."

"ಅತ್ತಿಗೆ?"

"ಇನ್ನು ಅತ್ತಿಗೆ ಗಿತ್ತಿಗೆ ಅನ್ಬೇಡ. ಸಾಯಂಕಾಲ ಗೇಟಿನ ಹೊರಗೆ ನಿಂತಿರು ಅಂದ್ಲು."

"ಯಾಕೆ?"

"ಬೈಯೋಕೆ. ಒಳಗೆ ಮಕ್ಕಳಿದ್ವು, ಬೈಯೋಕಾಗಲಿಲ್ಲ ಅಂದ್ಲು. ಸೋಪು ಹಾಕ್ಕೊಂಡು ಚೆನ್ನಾಗಿ ಸ್ನಾನ ಮಾಡ್ಕೊಂಡು ಬಾ ಅಂದ್ಲು."

ವಕೀಲ ಬೆಂಚಿನಿಂದ ಎದ್ದ. "ಬೈಯೋಕೆ ನೀನು ಸ್ನಾನ ಯಾಕೆ ಮಾಡ್ಬೇಕೋ? ರಸ್ತೆಯ ಆ ಕಡೆ ನಿಲ್ಲಿಸ್ಕೊಂಡೂ ಬೈಬಹುದಲ್ಲ!"

ಪಂಪು ಕೈ ಇಳಿಸಿ ಬಸ್ ಸ್ಟಾಪಿನ ಕಡೆ ಓಡಿದ. ರೂಮಿನಲ್ಲಿರುವುದು ಒಂದೇ ಸೋಪು, ಅದೂ ನನ್ನದು ಎಂದು ಹೊಳೆದು ನಾನೂ ಅವನ ಹಿಂದೆ ಓಡಿದೆ.