ಹೂಬತ್ತಿಯ ತಟ್ಟೆ

ಡಾಕ್ಟರನ ಹೆಂಡತಿ ಅನ್ನಿಸಿಕೊಳ್ಳಬೇಕೆಂದು ಮನೋರಮೆಗೆ ಆಸೆಯಿತ್ತು. ಅದರಲ್ಲಿ ಮುಚ್ಚುಮರೆ ಏನಿಲ್ಲ. ಗಂಡ ಉಮಾಮಹೇಶ್ವರ ಮದರಾಸಿನಲ್ಲಿ ಓದು ಮುಗಿಸಿ ಬಂದಾಗ ಅವಳ ಅಪ್ಪ ಹೊಸನಗರದಿಂದ ಸಾಗರಕ್ಕೆ ಬಂದು, ಕಣ್ಣಿನ ಡಾಕ್ಟರಾಗು, ಇಲ್ಲವೇ ಹೆರಿಗೆ ಕಲಿ, ಹೋದಲ್ಲೆಲ್ಲ ಜನ ಕರೆದು ಮಣೆ ಹಾಕುತ್ತಾರೆ ಎಂದು ಅಳಿಯನಿಗೆ ಬುದ್ಧಿ ಹೇಳಿದ್ದರು. ಅಳಿಯ ಎಲ್ಲದಕ್ಕೂ ಕೋಲೆ ಬಸವನ ಹಾಗೆ ತಲೆಯಾಡಿಸಿದ. ಆಮೇಲೆ ಮತ್ತೆರಡು ವರ್ಷ ಮದರಾಸಿನಲ್ಲಿ ಕೂತು ಕಲಿತು ಬಂದದ್ದು ಕುಷ್ಠದ ವೈದ್ಯ.

ಯಾಕೆಂದರೆ ಅವನ ಸೋದರತ್ತೆಗೆ ಆ ರೋಗವಿತ್ತು. ಮನೆಯವರೇ ಅವಳನ್ನು ಬೆಟ್ಟದ ಬುಡದ ಗುಡಿಸಲಿನಲ್ಲಿ ಇಟ್ಟು, ಒಂದು ಕಲ್ಲಿನ ಮೇಲೆ ಅನ್ನ ಇಟ್ಟು ಬರುತ್ತಿದ್ದರಂತೆ. ಆ ಕಥೆ ಮೊದಲ ಸಲ ಕೇಳಿದಾಗ ಮನೋರಮೆಯೂ ಕಣ್ಣೊರೆಸಿಕೊಂಡಿದ್ದಳು. ಆದರೆ ಸತ್ತುಹೋದ ಅತ್ತೆಯ ಸಲುವಾಗಿ ಬದುಕಿರುವ ಹೆಂಡತಿ, ಮಗಳು ಯಾಕೆ ಬೇಯಬೇಕು?

ಮನೆಯ ಮುಂದಿನ ಎರಡು ಕೋಣೆಗಳೇ ದವಾಖಾನೆ. ಗುರುವಾರ ಬಂತೆಂದರೆ ಜಗಲಿಯ ತುಂಬ ಕೈಕಾಲಿಗೆ ಬಟ್ಟೆ ಸುತ್ತಿಕೊಂಡ ಜನ. ಉಳಿದ ದಿನಗಳಲ್ಲಿ ಜ್ವರ, ಕೆಮ್ಮು ಎಂದು ಕೂಡ ಒಬ್ಬರೂ ಆ ಮೆಟ್ಟಿಲು ತುಳಿಯುತ್ತಿರಲಿಲ್ಲ. ಉಮಾಮಹೇಶ್ವರನ ಪರೀಕ್ಷೆ ಬಹಳ ಸರಳ. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಮಚ್ಚೆಯ ಮೇಲೆ ಹತ್ತಿಯ ತುದಿ ಮುಟ್ಟಿಸುವುದು. ಮುಟ್ಟಿದ್ದು ತಿಳಿದರೆ ಸರಿ, ತಿಳಿಯದಿದ್ದರೆ ಅದೇ ರೋಗ. ಅದಕ್ಕೆ ಅವನು ಎತ್ತಿಕೊಳ್ಳುತ್ತಿದ್ದದ್ದು ಮನೋರಮಾ ದೇವರ ದೀಪಕ್ಕೆಂದು ಹೊಸೆದು ತಟ್ಟೆಯಲ್ಲಿಟ್ಟ ಹೂಬತ್ತಿಯನ್ನು. ಮೊದಮೊದಲು ಅವಳು ರಂಪ ಮಾಡಿದಳು. ಆಮೇಲೆ ಬುಧವಾರ ಮಧ್ಯಾಹ್ನ ಹತ್ತು ಬತ್ತಿ ಹೆಚ್ಚಿಗೆ ಹೊಸೆದಿಡುವುದು ರೂಢಿಯಾಯಿತು. ಬಾಗಿಲ ಸಂದಿಯಲ್ಲಿ ಕೇಳಿ ಕೇಳಿ ಅವಳಿಗೂ ಪಾಠ ಬಾಯಿಗೆ ಬಂದಿತ್ತು: ಚರ್ಮ ಬಿಳಿಚಿ ಬಿಸಿ ತಿಳಿಯದಾದ ಕೂಡಲೇ ಮಾತ್ರೆ ಶುರುಮಾಡಿದರೆ ಬೆರಳು ಉಳಿಯುತ್ತದೆ, ವರ್ಷ ತಡಮಾಡಿದರೆ ಮಡಚಿದ ಬೆರಳು ಮತ್ತೆ ಬಿಚ್ಚುವುದಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಮಗಳು ವರದೆಗೆ ತೀರ್ಥಹಳ್ಳಿಯ ತಿಮ್ಮಣ್ಣನ ಮಗನ ಜೊತೆ ಮದುವೆ ನಿಶ್ಚಯವಾಯಿತು. ಡಾಕ್ಟರ ಮಗಳು ಎಂದು ತಿಮ್ಮಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಎಂಥ ಡಾಕ್ಟರು ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಹೇಳೋಣ ಎಂದು ಗಂಡ ಅಂದಾಗ ಮನೋರಮೆಯೇ ತಡೆದಿದ್ದಳು. ಮದುವೆಗೆ ತಿಂಗಳಿರುವಾಗ ತಿಮ್ಮಣ್ಣ ಮನೆಯ ದೇವಕಾರ್ಯಕ್ಕೆ ಬೀಗರನ್ನು ಕರೆದ. ಇವರು ಮೂವರೂ ಹೋದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಗುರುವಾರದ ಸುದ್ದಿ ಮುಟ್ಟಿಸಿಯಾಗಿತ್ತು. ಊಟಕ್ಕೆ ಎದ್ದಾಗ ಒಳಗಿನ ಪಂಕ್ತಿಯಲ್ಲಿ ಇವರಿಗೆ ಎಲೆಯಿಲ್ಲ. ಹೊರಜಗಲಿಯಲ್ಲಿ, ಚಪ್ಪಲಿ ಬಿಡುವ ಕಡೆ, ಮೂರು ಎಲೆ ಹಾಕಿತ್ತು.

"ಬೇಜಾರು ಮಾಡಡಿ. ನಿಂಗಳ ಮನೆ ಕೂಸು ಎಂಗಳ ಮನೆಗೆ ಬಪ್ಪದು ಬೇಡ," ಎಂದು ತಿಮ್ಮಣ್ಣ ಅರವತ್ತು ಜನರ ಎದುರು ಸಂಬಂಧ ಮುರಿದ.

ಮನೋರಮೆಗೆ ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಗಂಡನೆಂಬ ಪ್ರಾಣಿ ಆ ಎಲೆಯ ಮುಂದೆ ಕೂತು, ಪರಿಷೇಚನೆ ಮಾಡಿ, ಮಜ್ಜಿಗೆಯವರೆಗೂ ಉಂಡೆದ್ದ! ಊಟದ ಮೇಲೆ ಎಂತ ಸಿಟ್ಟು ಎಂದು ಬಸ್ಸಿನಲ್ಲಿ ಸಮಾಧಾನ ಬೇರೆ ಹೇಳಿದ. ವರದಾ ಒಂದೇ ಒಂದು ಮಾತು ಕೇಳಿದಳು. "ಅಪ್ಪಯ್ಯ ಕಣ್ಣಿನ ಡಾಕ್ಟ್ರಾಗಿದ್ರೆ ಎಂತ ಆಗ್ತಿತ್ತು ಅಮ್ಮಾ?" ಅಲ್ಲಿಂದ ಮುಂದೆ ಬಂದ ಮೂರು ಸಂಬಂಧಗಳೂ ಬಾಗಿಲಿಂದಲೇ ಹಿಂದಕ್ಕೆ ಹೋದವು. ವರದಾ ಯಾವ ಶುಭಕಾರ್ಯಕ್ಕೂ ಹೋಗುವುದನ್ನು ಬಿಟ್ಟಳು. ಅಪ್ಪನ ದವಾಖಾನೆಯಲ್ಲಿ ರೋಗಿಗಳ ಹೆಸರು ಬರೆಯುತ್ತ, ಮಾತ್ರೆ ಕಟ್ಟಿಕೊಡುತ್ತ ಕೂತಳು. ಮಗಳ ಬಗ್ಗಿದ ಬೆನ್ನು ಕಂಡಾಗಲೆಲ್ಲ ಮನೋರಮಾ ಹಲ್ಲು ಕಚ್ಚಿ ತಿಮ್ಮಣ್ಣನ ಹೆಸರು ಹಿಡಿದು ಶಪಿಸುತ್ತಿದ್ದಳು. ಅವನ ಮನೆ ಹಾಳಾಗಲಿ ಎಂದಲ್ಲ. ಅವನಿಗೂ ಜಗಲಿಯ ಎಲೆಯೇ ಗತಿಯಾಗಲಿ ಎಂದು.

ಅರವತ್ನಾಲ್ಕರ ಮಾಘದಲ್ಲಿ ಹೊಸನಗರದ ತವರುಮನೆಯಲ್ಲಿ ಉಪನಯನ. ಮನೋರಮಾ ಒಬ್ಬಳೇ ಹೋದಳು. ಪಂಕ್ತಿಯ ಕಟ್ಟಕಡೆಗೆ ಕೂತಳು. ನೆಂಟರಲ್ಲಿ ಹಿರಿಯರೂ ಸೊಂಟಕ್ಕೆ ಶಾಲು ಬಿಗಿದು ಬಡಿಸುವುದು ಅಲ್ಲಿಯ ಪದ್ಧತಿ. ಸಾರು ಬಡಿಸಲು ಬಂದವನು ಆ ಮನೆಗೆ ದೂರದ ನೆಂಟನಾದ ತಿಮ್ಮಣ್ಣ. ಒಲೆಯಿಂದ ಆಗಷ್ಟೇ ಇಳಿಸಿದ ಹಿತ್ತಾಳೆಯ ಪಾತ್ರೆಯನ್ನು ಎಡಗೈಯಲ್ಲಿ ಬಳಸಿ ಹಿಡಿದಿದ್ದ. ಹಿಂದೆ ಅನ್ನ ತರುತ್ತಿದ್ದವನು ಅಕಸ್ಮಾತ್ ಆ ಪಾತ್ರೆಗೆ ಕೈ ತಗುಲಿಸಿಕೊಂಡು ಹಾರಿಬಿದ್ದ. ತಿಮ್ಮಣ್ಣ ಅವನನ್ನು ಗೇಲಿ ಮಾಡಿ ನಗುತ್ತ ಮುಂದೆ ಬಂದ. ಮನೋರಮೆಯ ಎಲೆಗೆ ಒಂದು ಮೊಳ ಮೇಲಿಂದಲೇ ಸಾರು ಸುರಿದ, ಸೌಟಿಗೂ ಅವಳ ಗಾಳಿ ಸೋಕಬಾರದೆನ್ನುವಂತೆ. ಆಗ ಅವಳು ಕಂಡಳು. ಪಾತ್ರೆಗೆ ಒತ್ತಿದ್ದ ಕಿರುಬೆರಳಿನ ಬದಿಯಲ್ಲಿ ಬೊಬ್ಬೆ ಎದ್ದಿತ್ತು. ಅದರ ಮೇಲೆ, ಮುಂಗೈಯಲ್ಲಿ, ರೂಪಾಯಿಯಗಲದ ಬಿಳಿಚು ಮಚ್ಚೆ.

"ತಿಮ್ಮಣ್ಣ, ಇನ್ನೊಂದು ಸೌಟು ಹಾಕು," ಎಂದು ಅವಳು ಅವನನ್ನು ವಾಪಸು ಕರೆದಳು.

ಅವನು ಮುಖ ಸಿಂಡರಿಸಿಕೊಂಡು ಬಂದ. ಬೊಬ್ಬೆ ಒಡೆದು ನೀರು ಇಳಿಯುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಮನೋರಮಾ ಆವತ್ತು ಎರಡು ಸಲ ಪಾಯಸ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡಳು.

ಸಾಗರಕ್ಕೆ ಮರಳಿದ ಮೇಲೆ ಒಂದು ಮಾತು ಸಾಕಿತ್ತು. ಗಂಡ ಆ ಕ್ಷಣವೇ ತೀರ್ಥಹಳ್ಳಿಯ ಬಸ್ಸು ಹತ್ತುವ ಜಾತಿಯವನು. ಅದಕ್ಕೇ ಅವಳು ಬಾಯಿ ಬಿಡಲಿಲ್ಲ. ಒಮ್ಮೆ, ವರದಾಮೂಲದ ತೀರ್ಥಕ್ಕೆ ಹೋಗಿ ಮಿಂದು ಬಂದ ದಿನ, ಮನಸ್ಸು ಯಾಕೋ ಅಳುಕಿ ತಿಮ್ಮಣ್ಣನಿಗೆ ಒಂದು ಕಾರ್ಡು ಬರೆಯಲು ಕೂತಳು. ನಾಲ್ಕು ಸಾಲು ಬರೆಯುವಷ್ಟರಲ್ಲಿ ದವಾಖಾನೆಯಿಂದ ವರದಾ ಯಾರದೋ ಹೆಸರು ಕೇಳುವ ದನಿ ಬಂತು. ಕಾರ್ಡು ಬಚ್ಚಲೊಲೆಗೆ ಹೋಯಿತು. ಬುಧವಾರ ಬುಧವಾರ ಬತ್ತಿ ಹೊಸೆಯುತ್ತ ಅವಳು ತಿಮ್ಮಣ್ಣನ ಕಿರುಬೆರಳನ್ನು ನೆನೆಯುತ್ತಿದ್ದಳು. ಈಗ ಬಗ್ಗಿರಬಹುದು. ಈಗ ಪಕ್ಕದ್ದೂ ಬಗ್ಗಿರಬಹುದು. ಹಾಗೆ ನೆನೆದರೆ ಹೊಟ್ಟೆಯ ಉರಿ ತಣ್ಣಗಾಗುತ್ತಿತ್ತು.

ಹದಿನಾಲ್ಕು ತಿಂಗಳ ಮೇಲೆ, ಚೈತ್ರದ ಒಂದು ಗುರುವಾರ, ತಿಮ್ಮಣ್ಣ ಬಂದ. ಎಡಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬಂದು, ಡಾಕ್ಟರನ್ನು ಇಲ್ಲೇ ಕರೆಯಿರಿ ಎಂದು ಬೇಡಿಕೊಂಡ. ರೋಗಿಗಳಿಗೆ ಮುಂಬಾಗಿಲು, ಅಲ್ಲಿ ಸಾಲಿದೆ ಎಂದು ಮನೋರಮಾ ತೋರಿಸಿದಳು. ಜಗಲಿಯ ಬೆಂಚಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡ ಗಿರಿಯಪ್ಪ ಎಂಬ ಮುದುಕ, ಪಾಪ, ಸರಿದು ಜಾಗ ಕೊಟ್ಟ. ತಿಮ್ಮಣ್ಣ ಎರಡು ತಾಸು ಅಲ್ಲಿ ಕೂತ. ಪೇಟೆಗೆ ಹೋಗುವವರೆಲ್ಲ ಅವನನ್ನು ನೋಡಿಕೊಂಡು ಹೋದರು. ಒಳಗೆ ಕರೆದಾಗ ವರದಾ ತಲೆ ಎತ್ತದೆ ಹೆಸರು ಕೇಳಿದಳು. ಅವನು ಹೇಳಿದ. ಅವಳು ಎಲ್ಲರ ಹೆಸರಿನಂತೆ ಅದನ್ನೂ ಬರೆದಳು.

ಉಮಾಮಹೇಶ್ವರ ಹಳೆಯದನ್ನು ಎತ್ತಲಿಲ್ಲ. ಕಣ್ಣು ಮುಚ್ಚಲು ಹೇಳಿ, ತಟ್ಟೆಯಿಂದ ಒಂದು ಬತ್ತಿ ಎತ್ತಿ, ಮಚ್ಚೆಯ ಮೇಲೆ ಮೂರು ಸಲ ಎಳೆದ. ತಿಮ್ಮಣ್ಣ ಕಣ್ಣು ಮುಚ್ಚಿಯೇ ಕೇಳಿದ. "ಇನ್ನೂ ಮುಟ್ಟಿದ್ದಿಲ್ಲೆ, ಅಲ್ದಾ?"

ಕಿರುಬೆರಳೂ ಅದರ ಪಕ್ಕದ್ದೂ ಅಂಗೈಗೆ ಮಡಚಿಕೊಂಡಿದ್ದವು. ರೋಗ ಇಲ್ಲಿಗೆ ನಿಲ್ಲುತ್ತದೆ, ಆದರೆ ಈ ಎರಡು ಬೆರಳು ಇನ್ನು ಹೀಗೆಯೇ, ಒಂದು ವರ್ಷ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದು ಉಮಾಮಹೇಶ್ವರ ಮೆಲ್ಲಗೆ ತಿಳಿಸಿದ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ತನಗೆ ಯಾರೂ ಹೇಳಲಿಲ್ಲ, ಒಬ್ಬರಾದರೂ ಹೇಳಿದ್ದರೆ ಓಡಿ ಬರುತ್ತಿದ್ದೆ ಎಂದ.

ಮನೋರಮಾ ಬೆಳ್ಳಿಯ ಲೋಟದಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈ ಗಳಿಗೆಗೆ ಅವಳು ಹದಿನಾಲ್ಕು ತಿಂಗಳು ಕಾದಿದ್ದಳು.

"ಎನಗೆ ಗೊತ್ತಿತ್ತು. ಹೊಸನಗರದಲ್ಲಿ ಸಾರು ಬಡ್ಸಿದ ದಿನವೇ ಆನು ಕಂಡಿದ್ದಿ. ಇನ್ನೊಂದು ಸೌಟು ಹೇಳಿ ಕರೆದದ್ದು ಅದ್ಕೇ. ಜಗಲಿಲಿ ಕೂತವು ಒಳಗೆ ಕೂತವಕ್ಕೆ ಎಂತಕ್ಕೆ ಹೇಳ್ಬೇಕು?"

ಲೋಟವನ್ನು ಅವನ ಎಡಗೈಗೇ ಕೊಟ್ಟಳು. ಮಡಚಿದ ಬೆರಳಿಗೆ ಹಿಡಿತ ಸಿಗಲಿಲ್ಲ. ತಿಮ್ಮಣ್ಣ ಎರಡೂ ಕೈಯಲ್ಲಿ ಹಿಡಿದು, ಆ ಮನೆಯ ಕಾಫಿಯನ್ನು ಕೊನೆಯ ಹನಿಯವರೆಗೆ ಕುಡಿದ. ಮಾತ್ರೆಯ ಪೊಟ್ಟಣ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋದ.

ಗಂಡ ಕೂಗಾಡುತ್ತಾನೆ ಎಂದು ಮನೋರಮಾ ಕಾದಳು. ಕೂಗಾಡಿದ್ದರೆ ಅವಳ ಹತ್ತಿರ ಸಾಕಷ್ಟು ಮಾತಿತ್ತು, ಆ ಜಗಲಿಯ ಊಟದಿಂದಲೇ ಶುರುಮಾಡುತ್ತಿದ್ದಳು. ಅವನು ಕೈ ತೊಳೆದು, ಬಹಳ ಹೊತ್ತು ಒರೆಸಿಕೊಂಡ.

"ಅತ್ತೆ ಕೈ ಮರಗಟ್ಟಿದ್ದೂ ಮನೇಲಿ ಎಲ್ಲರಿಗೂ ಗೊತ್ತಿತ್ತು ಮನೋರಮಾ," ಎಂದ. "ಯಾರೂ ಹೇಳಿದ್ವಿಲ್ಲೆ."

ಅಷ್ಟೇ. ಉಂಡ, ಮಲಗಿದ, ಎಂದಿನಂತೆ ಮಗಳ ಜೊತೆ ಮಾತಾಡಿದ. ತಿಮ್ಮಣ್ಣನ ಬೆರಳಿಗಾಗಿ ಮನೋರಮಾ ಒಂದು ಹನಿ ಕಣ್ಣೀರು ಹಾಕಲಿಲ್ಲ, ಇವತ್ತಿಗೂ ಹಾಕಿಲ್ಲ. ಮುಂದಿನ ಬುಧವಾರ ಎಂದಿನಂತೆ ಹತ್ತು ಬತ್ತಿ ಹೆಚ್ಚಿಗೆ ಹೊಸೆದು ತಟ್ಟೆಯಲ್ಲಿಟ್ಟಳು. ಗುರುವಾರ ಬಾಗಿಲ ಸಂದಿಯಲ್ಲಿ ನೋಡಿದರೆ, ಗಂಡ ಅಂಗಡಿಯಿಂದ ಹತ್ತಿಯ ಕಟ್ಟು ತಂದಿಟ್ಟುಕೊಂಡಿದ್ದ. ರೋಗಿಯನ್ನು ಕೂರಿಸಿಕೊಂಡು, ಬರದ ಕೈಯಲ್ಲಿ ಬತ್ತಿ ಹೊಸೆಯುತ್ತಿದ್ದ. ತುದಿ ನಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಹೊಸೆಯುತ್ತಿದ್ದ. ಎಡಗಡೆಯಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಅವಳ ತಟ್ಟೆ ಇತ್ತು. ಸಂಜೆ ಅದನ್ನು ಒಳಗೆ ತಂದು ಎಣಿಸಿದಳು. ಹತ್ತೂ ಇದ್ದವು.